ಓಲಾಡುವ ಡೆಕ್ ಮೇಲೆ ಸೀ ಕಿಂಗ್ ಇಳಿಸುವ ಬಗೆ

ಕೆನಡಾ ನೌಕಾಪಡೆಯ ಸೇಂಟ್ ಲಾರೆಂಟ್ ವರ್ಗದ ಡಿಸ್ಟ್ರಾಯರ್‌ಗಳ ಅಗಲ ಸುಮಾರು 12.8 ಮೀಟರ್. ಅವುಗಳ ಮೇಲೆ ಇಳಿಯಬೇಕಿದ್ದ ಸೀ ಕಿಂಗ್ ಹೆಲಿಕಾಪ್ಟರಿನ ರೋಟರ್ ವ್ಯಾಸ 18.9 ಮೀಟರ್. ಹಡಗಿನ ಎರಡೂ ಬದಿಗೆ ಮೂರು ಮೀಟರಿನಷ್ಟು ರೋಟರ್ ನೀರಿನ ಮೇಲೇ ತಿರುಗುತ್ತಿತ್ತು. ಪೂರ್ತಿ ತುಂಬಿದಾಗ ಹೆಲಿಕಾಪ್ಟರಿನ ತೂಕ ಒಂಬತ್ತು ಟನ್ನಿನ ಆಸುಪಾಸು. ಎದುರಿಗೆ ಹ್ಯಾಂಗರ್ ಗೋಡೆ, ಸುತ್ತ ಉತ್ತರ ಅಟ್ಲಾಂಟಿಕ್. ಇದಕ್ಕೆ ಅವರು ಕಂಡುಕೊಂಡ ಉಪಾಯ ಬೇರ್‌ಟ್ರ್ಯಾಪ್: ಇಳಿದ ಹೆಲಿಕಾಪ್ಟರನ್ನು ಕಚ್ಚಿ ಹಿಡಿಯುವ, ಡೆಕ್ ಮೇಲಿನ ದವಡೆಯಂಥ ಸಾಧನ. 1963ರ ಕೊನೆಯಲ್ಲಿ ಅಸಿನಿಬೊಯಿನ್ ಹಡಗಿನಲ್ಲಿ ಅದರ ಪರೀಕ್ಷೆ ನಡೆಯಿತು.

ಹೆಲಿಕಾಪ್ಟರ್ ಡೆಕ್ ಮೇಲೆ ತೇಲುತ್ತಾ ನಿಂತು ಹೊಟ್ಟೆಯಡಿಯಿಂದ ತೆಳುವಾದ ಕೇಬಲ್ ಇಳಿಬಿಡುತ್ತದೆ. ಡೆಕ್ಕಿನವರು ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಹಾರಾಟದಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ತು ಆಳನ್ನು ಕೆಡವಬಲ್ಲದು. ಮೊದಲು ಗ್ರೌಂಡಿಂಗ್ ಕೋಲು ತಾಗಿಸಬೇಕು. ಆಮೇಲೆ ಹಡಗಿನ ದಪ್ಪ ಕೇಬಲನ್ನು ಇದಕ್ಕೆ ಕಟ್ಟುತ್ತಾರೆ. ಹೆಲಿಕಾಪ್ಟರಿನ ವಿಂಚ್, ಅಂದರೆ ಕೇಬಲ್ ಸುತ್ತುವ ಯಂತ್ರ, ಅದನ್ನು ಮೇಲೆಳೆದುಕೊಂಡು, ಕೆಳಗೆ ಚಾಚಿದ ಪ್ರೋಬ್ ಎಂಬ ಉಕ್ಕಿನ ಕೋಲಿನೊಳಗೆ ಸಿಕ್ಕಿಸುತ್ತದೆ. ಕಟ್ಟಿದವರು ಡೆಕ್ ಬಿಟ್ಟು ಸರಿದ ಮೇಲೆಯೇ ಮುಂದಿನ ಮಾತು.

ಒಂಬತ್ತು ಟನ್ನಿನ ಯಂತ್ರವನ್ನು ಹಡಗಿನ ವಿಂಚ್ ಕೆಳಗೆಳೆದು ಕೂರಿಸುತ್ತದೆ ಎಂದೇ ಬಹಳ ಮಂದಿಯ ಎಣಿಕೆ. ಹಾಗೇನೂ ಇಲ್ಲ. ಇಳಿಸುವವನು ಪೈಲಟ್ಟೇ. ಕೇಬಲ್ಲಿನ ಬಿಗಿ ಒಂದೇ ಸಮನಾಗಿರುತ್ತದೆ: ಡೆಕ್ ಮೇಲೆದ್ದರೆ ವಿಂಚ್ ಸಡಿಲವನ್ನು ಸುತ್ತಿಕೊಳ್ಳುತ್ತದೆ, ಕೆಳಗಿಳಿದರೆ ಬಿಡುತ್ತದೆ. ಆ ಬಿಗಿ ಹೆಲಿಕಾಪ್ಟರನ್ನು ಟ್ರ್ಯಾಪ್‌ನ ನೇರಕ್ಕೆ ತರುತ್ತದೆ, ಅಷ್ಟೆ. ಕೆಲವು ದೊಡ್ಡ ಅಲೆಗಳು ಕಳೆದ ಮೇಲೆ ಹಡಗು ಕೆಲವೇ ಸೆಕೆಂಡು ನೆಟ್ಟಗಿರುತ್ತದೆ. ಡೆಕ್ಕಿನ ಅಂಚಿನಲ್ಲಿರುವ ಎಲ್‌ಎಸ್‌ಒ, ಅಂದರೆ ಇಳಿಯುವಿಕೆಯನ್ನು ನಿರ್ದೇಶಿಸುವ ಅಧಿಕಾರಿ, ಅದಕ್ಕಾಗಿ ಕಾದು, ಬಿಗಿ ಹೆಚ್ಚಿಸಿ, ಇಳಿಯಲು ಹೇಳುತ್ತಾನೆ. ಪ್ರೋಬ್ ಒಳಹೊಕ್ಕಿದ್ದೇ ಟ್ರ್ಯಾಪ್‌ನ ದವಡೆ ಮುಚ್ಚಬೇಕು. ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯ ಪ್ರಾಣ ಆ ಕಾಯುವಿಕೆಯಲ್ಲಿದೆ, ಉಕ್ಕಿನಲ್ಲಲ್ಲ.

ಎಡವಟ್ಟಾಗುವುದು ಹಲವು ಕಡೆ. ಡೆಕ್ಕಿನ ಏರಿಳಿತವನ್ನು ಬೆನ್ನಟ್ಟುವ ಪೈಲಟ್ ಯಾವಾಗಲೂ ಒಂದು ಹೆಜ್ಜೆ ಹಿಂದೆ. ಅವನ ಕಣ್ಣು ದಿಗಂತದ ಮೇಲಿರಬೇಕು. ಕತ್ತಲಲ್ಲಿ ದಿಗಂತ ಕಾಣದಿದ್ದರೆ ಹ್ಯಾಂಗರ್ ನೆತ್ತಿಯ ಮೇಲೆ, ಗೈರೊ ಸಹಾಯದಿಂದ ಸಮತಟ್ಟಾಗಿಯೇ ಉಳಿಯುವ, ದೀಪದ ಪಟ್ಟಿಯಿದೆ. ಎದುರುಗಾಳಿ ಹ್ಯಾಂಗರ್ ದಾಟಿ ಡೆಕ್ ಮೇಲೆ ಸುಳಿಸುಳಿಯಾಗಿ ಬೀಳುತ್ತದೆ. ಹಡಗು ದಿಕ್ಕು ಬದಲಿಸಿ ಗಾಳಿಯನ್ನು ಓರೆಯಾಗಿ ತೆಗೆದುಕೊಳ್ಳುವುದು ಇದಕ್ಕೇ. ಚಿಮಣಿಯ ಬಿಸಿ ಹೊಗೆ ಎಂಜಿನ್ನಿಗೆ ಹೊಕ್ಕರೆ ಶಕ್ತಿ ಕುಗ್ಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಚಕ್ರ ಊರಿದ ಮೇಲೆ ದವಡೆ ಹಿಡಿಯದಿರುವುದು. ಒದ್ದೆ ಡೆಕ್ ವಾಲಿದಾಗ ಹೆಲಿಕಾಪ್ಟರ್ ಜಾರುತ್ತದೆ. ಒಂದು ಚಕ್ರ ಏನಕ್ಕಾದರೂ ತಡೆದರೆ ಅದನ್ನೇ ಕೀಲು ಮಾಡಿಕೊಂಡು ಪಲ್ಟಿ ಹೊಡೆಯುತ್ತದೆ. ಆ ಹೊತ್ತಿಗೆ ಪೈಲಟ್ ಕಲೆಕ್ಟಿವ್ (ರೋಟರಿನ ಎತ್ತುವ ಬಲ ಹೆಚ್ಚಿಸುವ ಹಿಡಿಕೆ) ಎತ್ತಿದರೆ ಉರುಳುವಿಕೆ ಇನ್ನೂ ಜೋರು.

ಬ್ರಿಟಿಷರು ಹಗುರವಾದ ಲಿಂಕ್ಸ್ ಹೆಲಿಕಾಪ್ಟರಿಗೆ ಕೇಬಲ್ಲಿನ ಗೊಡವೆಯನ್ನೇ ಬಿಟ್ಟರು. ಡೆಕ್ ನಡುವೆ ತೂತುತೂತಾದ ಉಕ್ಕಿನ ಜಾಲರಿ, ಹೆಲಿಕಾಪ್ಟರ್ ಹೊಟ್ಟೆಯಲ್ಲಿ ಹೈಡ್ರಾಲಿಕ್ ಹಾರ್ಪೂನ್. ಕೂತೊಡನೆ ಹಾರ್ಪೂನ್ ಜಾಲರಿಯನ್ನು ಕಚ್ಚುತ್ತದೆ, ರೋಟರಿನ ಅಲಗುಗಳು ಕೋನ ಬದಲಿಸಿ ಯಂತ್ರವನ್ನು ಡೆಕ್ಕಿಗೇ ಒತ್ತುತ್ತವೆ. ಮತ್ತೆ ಹಾರುವಾಗ ಹಾರ್ಪೂನ್ ಸುತ್ತಲೇ ತಿರುಗಿ ಗಾಳಿಗೆ ಮುಖ ಮಾಡಬಹುದು. ಸೀ ಕಿಂಗ್ ತೂಕಕ್ಕೆ ನಾನಾದರೆ ಬೇರ್‌ಟ್ರ್ಯಾಪನ್ನೇ ಆರಿಸುತ್ತೇನೆ: ಹಿಡಿದ ಟ್ರ್ಯಾಪೇ ಹಳಿಯ ಮೇಲೆ ಸರಿದು ಹೆಲಿಕಾಪ್ಟರನ್ನು ಹ್ಯಾಂಗರಿನೊಳಗೆ ಒಯ್ಯುತ್ತದೆ, ಓಲಾಡುವ ಡೆಕ್‌ನಲ್ಲಿ ಜನ ಅದನ್ನು ತಳ್ಳಬೇಕಾಗಿಲ್ಲ.