ಮೂವರು ಅಭ್ಯರ್ಥಿಗಳು, ಒಂದು ಚೀಟಿ

2024ರ ಅಕ್ಟೋಬರ್ ತಿಂಗಳ ಒಂದು ಸಂಜೆ, ಬೇಗನೆ ಊಟ ಮುಗಿಸಿ ಮಗಳನ್ನು ಪಕ್ಕದ ಮನೆಯವರಲ್ಲಿ ಬಿಟ್ಟು, ನಾನೂ ನನ್ನ ಹೆಂಡತಿಯೂ ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆವು. ಸ್ಕೂಲ್ ಬೋರ್ಡಿಗೆ, ಅಂದರೆ ಸಾರ್ವಜನಿಕ ಶಾಲೆಗಳನ್ನು ನಡೆಸುವ ಚುನಾಯಿತ ಮಂಡಳಿಗೆ, ಸ್ಪರ್ಧಿಸಿದ್ದ ಮೂವರು ಅಲ್ಲಿ ಜನರ ಪ್ರಶ್ನೆಗಳಿಗೆ ಉತ್ತರ ಕೊಡುವವರಿದ್ದರು. ನಾವು ಇರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ. ಈ ಒಂದು ಕೌಂಟಿಯಲ್ಲೇ 31 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಅಂದರೆ ತಮ್ಮದೇ ಮಂಡಳಿಯಿರುವ ಶಾಲಾ ವಲಯಗಳು. ನಮ್ಮ ಡಿಸ್ಟ್ರಿಕ್ಟಿನ ಮಂಡಳಿಯಲ್ಲಿ ಐವರು ಸದಸ್ಯರು. ನಾಲ್ಕು ವರ್ಷಗಳ ಅವಧಿ. ಊರನ್ನು ಐದು ಕ್ಷೇತ್ರಗಳಾಗಿ ಹಂಚಿರುವುದರಿಂದ ನಮ್ಮ ಭಾಗದವರು ಆರಿಸಬೇಕಾದುದು ಒಬ್ಬರನ್ನು ಮಾತ್ರ.

ನನಗೆ ಅಮೆರಿಕದ ಪೌರತ್ವ ಸಿಕ್ಕಿದ್ದು ಆ ವರ್ಷವೇ. ಮೊದಲ ಬಾರಿಗೆ ಮತ ಹಾಕುವವನಿದ್ದೆ. ಆದರೆ ನಾನು ಆ ಸಂಜೆ ಹೊರಟದ್ದು ಪೌರನ ಕರ್ತವ್ಯವೆಂದಲ್ಲ. ಮಗಳ ಶಾಲೆಯನ್ನು ಮುಚ್ಚುತ್ತಾರೆಂಬ ಸುದ್ದಿ ಬೇಸಿಗೆಯಿಂದಲೂ ಓಡಾಡುತ್ತಿತ್ತು. ಮಕ್ಕಳು ಕಡಿಮೆಯಾಗಿ, ಹಿಂದಿನ ವರ್ಷವೇ ಮೂರನೆಯ ಮತ್ತು ನಾಲ್ಕನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಆ ಶಾಲೆ ಉಳಿಯುತ್ತದೆಯೇ ಎಂಬ ಒಂದೇ ಪ್ರಶ್ನೆ ನನ್ನ ತಲೆಯಲ್ಲಿತ್ತು. ಉಳಿಸುತ್ತೇನೆ ಎಂದವರಿಗೆ ನನ್ನ ಮತ ಎಂದು ದಾರಿಯಲ್ಲೇ ಹೆಂಡತಿಗೆ ಹೇಳಿದ್ದೆ.

ಸಭೆ ನಡೆಸುವ ರೀತಿ ಅಚ್ಚುಕಟ್ಟಾಗಿತ್ತು. ಬಾಗಿಲಲ್ಲಿ ಒಂದೊಂದು ಚೀಟಿ, ಒಂದೊಂದು ಪೆನ್ಸಿಲ್ ಕೊಟ್ಟರು. ಪ್ರಶ್ನೆ ಬರೆದು ಕೊಟ್ಟರೆ ಸ್ವಯಂಸೇವಕರು ಒಂದೇ ಬಗೆಯವನ್ನು ಒಟ್ಟುಗೂಡಿಸಿ ನಿರೂಪಕಿಗೆ ಒಪ್ಪಿಸುತ್ತಿದ್ದರು. ಒಂದೇ ಪ್ರಶ್ನೆಗೆ ಮೂವರೂ ಉತ್ತರಿಸಬೇಕು, ಒಬ್ಬೊಬ್ಬರಿಗೆ ತೊಂಬತ್ತು ಸೆಕೆಂಡು. ಮೊದಲ ಸಾಲಿನಲ್ಲಿ ಕುಳಿತಿದ್ದ ಹಿರಿಯ ಮಹಿಳೆಯೊಬ್ಬರು ಹಳದಿ ಹಲಗೆ ಎತ್ತಿದರೆ ಮುಗಿಸಿರಿ ಎಂದು, ಕೆಂಪು ಎತ್ತಿದರೆ ನಿಲ್ಲಿಸಿರಿ ಎಂದು ಅರ್ಥ. ಯಾರೂ ಯಾರ ಮಾತಿನ ಮೇಲೂ ಹರಿಹಾಯಲಿಲ್ಲ.

ಮೊದಲ ಪ್ರಶ್ನೆಯೇ ಶಾಲೆಗಳನ್ನು ಮುಚ್ಚುವುದರ ಕುರಿತಾಗಿತ್ತು. ಮೊದಲಿಬ್ಬರು ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಿದರು: ತಾವು ಇರುವವರೆಗೆ ಒಂದು ಶಾಲೆಯನ್ನೂ ಮುಚ್ಚಲು ಬಿಡುವುದಿಲ್ಲ. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಮೂರನೆಯವರು ಐವತ್ತು ದಾಟಿದ ಮಹಿಳೆ, ಬೇರೊಂದು ಡಿಸ್ಟ್ರಿಕ್ಟಿನ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವರು. ಅವರು ಮುಂದಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿ, ಆ ಭರವಸೆಯನ್ನು ತಾವು ಕೊಡುವುದಿಲ್ಲ ಎಂದರು. ಇಡೀ ಸಭಾಂಗಣ ಸ್ತಬ್ಧವಾಯಿತು.

ಬಳಿಕ ಅವರು ಕೊಟ್ಟ ವಿವರಣೆಯನ್ನು ನಾನು ಚೀಟಿಯ ಹಿಂದೆ ಬರೆದುಕೊಂಡೆ, ಆ ಚೀಟಿ ಇಂದಿಗೂ ನನ್ನ ಬಳಿ ಇದೆ. ರಾಜ್ಯದ ಸಾರ್ವಜನಿಕ ಶಾಲೆಗಳಲ್ಲಿ 2019–20ರಲ್ಲಿ ಸುಮಾರು 61.6 ಲಕ್ಷ ಮಕ್ಕಳಿದ್ದರು. 2023–24ರ ಹೊತ್ತಿಗೆ ಅದು ಸುಮಾರು 58.4 ಲಕ್ಷಕ್ಕೆ ಇಳಿದಿತ್ತು. ಹುಟ್ಟುವ ಮಕ್ಕಳು ಕಡಿಮೆ, ಮನೆಯ ಬೆಲೆ ತಾಳಲಾರದೆ ಊರು ಬಿಡುವ ಕುಟುಂಬಗಳು ಹೆಚ್ಚು. 2013ರಲ್ಲಿ ಜಾರಿಗೆ ಬಂದ ಸೂತ್ರದಂತೆ ರಾಜ್ಯವು ನಮ್ಮಂಥ ಡಿಸ್ಟ್ರಿಕ್ಟಿಗೆ ಹಣ ಕೊಡುವುದು ದಾಖಲಾದ ಮಕ್ಕಳ ಸಂಖ್ಯೆಯನ್ನು ನೋಡಿ ಅಲ್ಲ, ವರ್ಷದುದ್ದಕ್ಕೂ ಶಾಲೆಗೆ ಬಂದವರ ಸರಾಸರಿ ಹಾಜರಾತಿಯನ್ನು ನೋಡಿ. ಬಡ ಕುಟುಂಬದ ಮಕ್ಕಳಿಗೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ, ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ತಲಾ ಮೊತ್ತದ ಮೇಲೆ ಶೇ. 20ರಷ್ಟು ಹೆಚ್ಚುವರಿ ಹಣವುಂಟು. ಆಸ್ತಿ ತೆರಿಗೆಯೇ ಧಾರಾಳವಾಗಿ ಬರುವ ಕೆಲವು ಡಿಸ್ಟ್ರಿಕ್ಟ್‌ಗಳು ಮಾತ್ರ ಈ ಹಾಜರಾತಿಯ ಲೆಕ್ಕದಿಂದ ಪಾರಾಗಿವೆ, ನಮ್ಮದು ಅಂಥದಲ್ಲ. ಮಗು ಜ್ವರ ಬಂದು ಮನೆಯಲ್ಲಿ ಉಳಿದರೂ, ರಜೆಗೆ ತಕ್ಕ ಕಾರಣವಿದ್ದರೂ, ಆ ದಿನದ ಹಾಜರಾತಿ ಲೆಕ್ಕಕ್ಕೆ ಸಿಗುವುದಿಲ್ಲ.

ಖಾಲಿ ಕೋಣೆಗೂ ಬೀಗ, ದೀಪ, ಕಾವಲು ಬೇಕೇ ಬೇಕು ಎಂದು ಅವರು ಹೇಳಿದರು. ಆ ಹಣ ಹೋಗುವುದು ಓದಲು ಕಷ್ಟಪಡುವ ಮಗುವಿನ ಪಕ್ಕದಲ್ಲಿ ಕೂರಬೇಕಾದ ಸಹಾಯಕಿಯ ಸಂಬಳದಿಂದ. ಒಂದು ಶಾಲೆಯನ್ನು ಮುಚ್ಚಬೇಕಾದರೆ ಅದು ಒಂದೂವರೆ ವರ್ಷ ಮೊದಲೇ ಪೋಷಕರಿಗೆ ತಿಳಿಯಬೇಕು, ಮಕ್ಕಳು ನಡೆದು ಹೋಗುವ ದಾರಿಯನ್ನು ಮೊದಲು ಅಳೆಯಬೇಕು, ಲೆಕ್ಕದ ಪ್ರತಿ ಹಾಳೆಯೂ ಬಹಿರಂಗವಾಗಿರಬೇಕು, ಇಷ್ಟಕ್ಕೆ ಮಾತ್ರ ತಾವು ಮಾತು ಕೊಡಬಲ್ಲೆವು ಎಂದರು. ಕೆಂಪು ಹಲಗೆ ಮೇಲೆದ್ದಿತು. ಈ ಬಾರಿ ಚಪ್ಪಾಳೆ ಬೀಳಲಿಲ್ಲ.

ನನಗೆ ಆ ಕ್ಷಣದಲ್ಲಿ ಬಂದದ್ದು ಸಿಟ್ಟು. ಜೊತೆಗೆ ಒಂದು ನೆನಪು ಚುಚ್ಚಿತು. ಆ ವರ್ಷದ ಜನವರಿಯಲ್ಲಿ ನನ್ನ ಅತ್ತೆಯವರಿಗೆ ಆರೋಗ್ಯ ಕೆಟ್ಟು ನಾವು ಮೂವರೂ ಚನ್ನರಾಯಪಟ್ಟಣಕ್ಕೆ ಹೋಗಿ, ರಜೆ ಮುಗಿದ ಮೇಲೂ ಮೂರು ವಾರ ಉಳಿದಿದ್ದೆವು. ಶಾಲೆಗೆ ಒಂದು ಸಾಲಿನ ಮಿಂಚಂಚೆ ಕಳುಹಿಸಿದ್ದನ್ನು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಕಡೆಯ ಎಷ್ಟೋ ಮನೆಗಳವರು ಮದುವೆ, ಗೃಹಪ್ರವೇಶ, ಹಿರಿಯರ ಅನಾರೋಗ್ಯವೆಂದು ಊರಿಗೆ ಹೋಗುತ್ತಾರೆ. ಇಂಥ ದಿನಗಳಿಗೆ ಶಾಲೆಯೊಂದಿಗೆ ಒಪ್ಪಂದಪತ್ರ ಮಾಡಿಕೊಂಡು, ಮಗು ಮಾಡಬೇಕಾದ ಪಾಠಗಳನ್ನು ಪಡೆದು, ಮಾಡಿಸಿ ಒಪ್ಪಿಸಿದರೆ ಹಾಜರಾತಿ ಉಳಿಯುತ್ತದೆ. ಇಂಡಿಪೆಂಡೆಂಟ್ ಸ್ಟಡಿ ಎಂಬ ಈ ವ್ಯವಸ್ಥೆಯನ್ನು ಆಕೆ ಎರಡನೆಯ ಪ್ರಶ್ನೆಗೆ ಉತ್ತರಿಸುವಾಗ ಪ್ರಸ್ತಾಪಿಸಿದರು. ಪೋಷಕರನ್ನು ದೂರಲಿಲ್ಲ. ಈ ಕಾಗದವನ್ನು ಪೋಷಕರು ಓದಬಲ್ಲ ಭಾಷೆಯಲ್ಲಿ, ನವೆಂಬರಿನಲ್ಲೇ ಮನೆಗೆ ಕಳುಹಿಸದಿರುವುದು ಡಿಸ್ಟ್ರಿಕ್ಟಿನ ಕೊರತೆ ಎಂದರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಗಣಿತದ ಪ್ರಶ್ನೆ ಬಂದಾಗ ಸಭೆಯಲ್ಲಿದ್ದ ಭಾರತೀಯ ಮತ್ತು ಚೀನೀ ಪೋಷಕರೆಲ್ಲ ಮುಂದಕ್ಕೆ ಬಾಗಿದರು. ಎಂಟನೆಯ ತರಗತಿಯಲ್ಲಿ ಬೀಜಗಣಿತ ಇರಬೇಕೇ ಎಂಬುದು ಇಲ್ಲಿ ಹತ್ತು ವರ್ಷಗಳ ಜಗಳ. ಸ್ಯಾನ್‌ಫ್ರಾನ್ಸಿಸ್ಕೋ 2014ರಲ್ಲಿ ಅದನ್ನು ಒಂಬತ್ತನೆಯ ತರಗತಿಗೆ ಸರಿಸಿತ್ತು. 2024ರ ಮಾರ್ಚಿನಲ್ಲಿ ಅಲ್ಲಿನ ಮತದಾರರು ಅದನ್ನು ಮರಳಿ ತರುವಂತೆ ಕೇಳಿದರು. ಪ್ರತಿ ಮಿಡಲ್ ಸ್ಕೂಲಿನಲ್ಲೂ ಬೀಜಗಣಿತ ಇರಲಿ, ಆದರೆ ಯಾರು ಕೂರಬೇಕೆಂಬುದು ಟ್ಯೂಷನ್ ಕೊಡಿಸುವ ತಂದೆ ತಾಯಿಯ ಒತ್ತಾಯದಿಂದ ತೀರ್ಮಾನವಾಗದೆ, ಎಲ್ಲ ಮಕ್ಕಳಿಗೂ ಒಂದೇ ಅಳತೆಯಿಂದ ತೀರ್ಮಾನವಾಗಲಿ ಎಂಬುದು ಆಕೆಯ ನಿಲುವು. ನನಗೆ ಇದು ಸರಿಯೆನಿಸಿತು, ನಮ್ಮವರಲ್ಲಿ ಹಲವರಿಗೆ ರುಚಿಸಲಿಲ್ಲವೆಂದೂ ಬಲ್ಲೆ. ಮೊಬೈಲ್ ಫೋನಿನ ವಿಷಯದಲ್ಲಿ ಮೂವರಲ್ಲೂ ಹೆಚ್ಚು ಭಿನ್ನತೆ ಇರಲಿಲ್ಲ. ಗವರ್ನರ್ ಗ್ಯಾವಿನ್ ನ್ಯೂಸಮ್ ಸೆಪ್ಟೆಂಬರಿನಲ್ಲಷ್ಟೇ ಸಹಿ ಹಾಕಿದ್ದ ಕಾನೂನಿನಂತೆ 2026ರ ಜುಲೈ 1ರೊಳಗೆ ಪ್ರತಿ ಮಂಡಳಿಯೂ ನಿಯಮ ರೂಪಿಸಲೇಬೇಕಿತ್ತು.

ಹಿಂದಿನ ಸಾಲಿನ ಹಿರಿಯರೊಬ್ಬರ ಚೀಟಿಯಲ್ಲಿ ನೋವಿತ್ತು. ಬಾಂಡ್ ಎಂದು ನಮ್ಮಿಂದ ಇಷ್ಟು ತೆರಿಗೆ ವಸೂಲು ಮಾಡಿ, ಶಿಕ್ಷಕರಿಗೆ ಸಂಬಳವಿಲ್ಲ ಎನ್ನುತ್ತೀರಲ್ಲ ಎಂದು ಕೇಳಿದ್ದರು. ಶೇ. 55 ಮತಗಳಿಂದ ಒಪ್ಪಿಗೆ ಪಡೆಯುವ ಶಾಲಾ ಬಾಂಡಿನ, ಅಂದರೆ ಆಸ್ತಿ ತೆರಿಗೆಯಿಂದ ತೀರಿಸುವ ಸಾಲದ, ಹಣವನ್ನು ಕಟ್ಟಡ, ದುರಸ್ತಿ, ಸಲಕರಣೆಗೆ ಮಾತ್ರ ಬಳಸಬಹುದು, ಸಂಬಳಕ್ಕೆ ಒಂದು ಡಾಲರನ್ನೂ ತೆಗೆಯುವಂತಿಲ್ಲ ಎಂದು ಆಕೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಮಂಡಳಿಯ ಕೈಯಲ್ಲಿರುವುದು ಇಷ್ಟು, ರಾಜ್ಯದ ಕೈಯಲ್ಲಿರುವುದು ಇಷ್ಟು ಎಂದು ಗೆರೆ ಎಳೆದು ತೋರಿಸುವ ಈ ರೀತಿ ಅಷ್ಟು ಹೊತ್ತಿಗೆ ನನಗೆ ಹಿಡಿಸಿಬಿಟ್ಟಿತ್ತು. ನನ್ನ ತಂದೆಯವರು 2001ರ ಆದೇಶದ ಬಳಿಕ ಕರ್ನಾಟಕದ ನಮ್ಮೂರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಾಗಿದ್ದರು. ಶಿಕ್ಷಕರನ್ನು ತರಿಸುತ್ತೇನೆಂದು ಅವರು ಯಾರಿಗೂ ಹೇಳಿದವರಲ್ಲ. ಅದು ತಮ್ಮ ಕೈಯಲ್ಲಿಲ್ಲವೆಂದು ಬಲ್ಲವರಾಗಿ, ಒಡೆದ ಹೆಂಚುಗಳನ್ನು ಎಣಿಸಿ ಬರೆದುಕೊಂಡು ಮಳೆಗಾಲಕ್ಕೆ ಮೊದಲು ಹಾಕಿಸುತ್ತಿದ್ದರು.

ಹಳದಿ, ಕೆಂಪು ಹಲಗೆಗಳ ನಡುವೆ ಒಂದು ಗಂಟೆ ಕಳೆದಿತ್ತು. ಹೆಂಡತಿ ನನ್ನ ತೋಳು ಮುಟ್ಟಿ, "ರೀ, ನಾನೊಂದು ಚೀಟಿ ಬರೀಲಾ?" ಎಂದಳು. ಅವಳಿಗೆ ಮತವಿಲ್ಲ. ತಾಯಿಯ ಆರೈಕೆಗೆಂದು ಊರಿನಲ್ಲಿ ಬಹಳ ಕಾಲ ಇದ್ದುದರಿಂದ ಪೌರತ್ವದ ಅರ್ಜಿಗೆ ಇನ್ನೂ ಕಾಯಬೇಕಿತ್ತು. ಮಗಳನ್ನು ಶಾಲೆಗೆ ಬಿಡುವವಳೂ ಅವಳೇ, ಗ್ರಂಥಾಲಯದ ಕಪಾಟುಗಳಲ್ಲಿ ಪುಸ್ತಕ ಜೋಡಿಸಲು ವಾರಕ್ಕೊಮ್ಮೆ ಶಾಲೆಗೆ ಹೋಗುವವಳೂ ಅವಳೇ. ಪೆನ್ಸಿಲಿನಿಂದ ನಿಧಾನವಾಗಿ, ಒಂದು ಪದವನ್ನು ಅಳಿಸಿ ತಿದ್ದಿ, ಎರಡು ಸಾಲು ಬರೆದಳು: ಮತವಿಲ್ಲದ ತಂದೆ ತಾಯಿಯರ ಮಕ್ಕಳು ನಿಮ್ಮ ಶಾಲೆಗಳಲ್ಲಿ ಬಹಳಷ್ಟಿದ್ದಾರೆ. ನಮ್ಮ ಮಾತನ್ನು ನೀವು ಹೇಗೆ ಕೇಳಿಸಿಕೊಳ್ಳುವಿರಿ?

ನಿರೂಪಕಿ ಅದನ್ನು ಓದಿದಾಗ ಅವಳು ನೆಲ ನೋಡುತ್ತ ಕುಳಿತಿದ್ದಳು. ಮೊದಲಿಬ್ಬರು ಎಲ್ಲರೂ ಒಂದೇ ಎಂಬರ್ಥದ ಒಳ್ಳೆಯ ಮಾತುಗಳನ್ನಾಡಿದರು. ಮೂರನೆಯವರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2016ರ ಜನಮತದಂತೆ ಪೌರರಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತವಿದೆ, ನಮ್ಮ ಊರಿನಲ್ಲಿ ಇಲ್ಲ, ಅದನ್ನು ಬದಲಿಸುವ ಅಧಿಕಾರ ಈ ಮಂಡಳಿಗೂ ಇಲ್ಲ ಎಂದು ಮೊದಲು ಹೇಳಿದರು. ಅನಂತರ ಇದ್ದುದನ್ನು ಹೇಳಿದರು: 1953ರ ಬ್ರೌನ್ ಕಾಯಿದೆಯಂತೆ ಮಂಡಳಿಯ ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು, ಸಭೆಗೆ ಯಾರು ಬೇಕಾದರೂ ಬರಬಹುದು, ಮೈಕಿನ ಮುಂದೆ ನಿಂತು ಮಾತನಾಡಬಹುದು, ಮತದಾರರೇ ಎಂದು ಯಾರೂ ಕೇಳುವುದಿಲ್ಲ. ತಾವು ಗೆದ್ದರೆ ಸಭೆಗೆ ಒಂದು ಗಂಟೆ ಮೊದಲು ಬಂದು ಅಂಗಳದಲ್ಲಿ ಕೂರುವುದಾಗಿಯೂ, ಮೈಕಿನ ಮುಂದೆ ಮಾತನಾಡಲು ಅಂಜುವವರು ಅಲ್ಲಿ ತಮ್ಮೊಡನೆ ಮಾತನಾಡಬಹುದೆಂದೂ ಹೇಳಿದರು. ಹೆಂಡತಿ ತಲೆ ಎತ್ತಿದಳು.

ಮತಪತ್ರ ಅಂಚೆಯಲ್ಲಿ ಬಂದಿತ್ತು. ಮರುದಿನ ರಾತ್ರಿ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಇಬ್ಬರೂ ಕುಳಿತೆವು. ಅಧ್ಯಕ್ಷರ ಹೆಸರುಗಳು, ಜನರ ಮತಕ್ಕಿಟ್ಟ ರಾಜ್ಯದ ಹತ್ತು ಪ್ರಸ್ತಾವಗಳು, ಶಾಲಾ ಕಟ್ಟಡಗಳಿಗೆಂದು ಸಾವಿರ ಕೋಟಿ ಡಾಲರ್ ಸಾಲ ಕೇಳುವ ಎರಡನೆಯ ಪ್ರಸ್ತಾವ, ಇವೆಲ್ಲವುಗಳ ನಡುವೆ ಸ್ಕೂಲ್ ಬೋರ್ಡಿಗೆ ಮೂರು ಹೆಸರುಗಳ ಒಂದು ಸಣ್ಣ ಚೌಕ. ಯಾವ ಹೆಸರಿನ ಪಕ್ಕದಲ್ಲೂ ಪಕ್ಷವಿಲ್ಲ. ಶಾಲೆಯನ್ನು ಉಳಿಸುತ್ತೇನೆ ಎಂದವರನ್ನು ಬಿಟ್ಟು, ಆ ಮಾತು ಕೊಡಲಾರೆ ಎಂದವರ ಹೆಸರಿನ ಮುಂದಿನ ವೃತ್ತವನ್ನು ತುಂಬುವಾಗ ನನ್ನ ಕೈ ಒಂದಿಷ್ಟು ತಡೆಯಿತು. ಮಗಳು ಕೋಣೆಯಲ್ಲಿ ಮಲಗಿದ್ದಳು. ಹೆಂಡತಿ ಏನೂ ಹೇಳದೆ ಪೆನ್ನಿನ ಮುಚ್ಚಳ ಹಿಡಿದುಕೊಂಡು ಕಾಯುತ್ತಿದ್ದಳು. ತುಂಬಿದೆ.

ಆಕೆ ಗೆದ್ದರು. ಡಿಸೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಮೊದಲ ಸಭೆಗೆ ಒಂದು ಗಂಟೆ ಮೊದಲೇ ಹೋಗಿ ನೋಡಿದರೆ, ಅಂಗಳದ ಬೆಂಚಿನ ಮೇಲೆ ಕೋಟು ಹೊದ್ದು ಕುಳಿತಿದ್ದರು. ಹೆಂಡತಿ ಒಪ್ಪಂದಪತ್ರದ ವಿಷಯ ಎತ್ತಿದಳು. ಅವರು ಪುಸ್ತಕದಲ್ಲಿ ಬರೆದುಕೊಂಡರು. ಶಾಲೆಯ ಭವಿಷ್ಯ ಇನ್ನೂ ತೀರ್ಮಾನವಾಗಿರಲಿಲ್ಲ, ನಾವೂ ಕೇಳಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಚನ್ನರಾಯಪಟ್ಟಣಕ್ಕೆ ಹೊರಡುವ ಮುನ್ನ ಶಾಲೆಯ ಕಚೇರಿಗೆ ಹೋಗಿ ಮೂರು ಸಹಿ ಹಾಕಿ, ಪಾಠಗಳ ಕಟ್ಟು ತಂದೆವು. ಅಜ್ಜಿಯ ಮನೆಯ ಜಗಲಿಯ ಮೇಲೆ ಮಗಳು ಬೆಳಿಗ್ಗೆ ಭಿನ್ನರಾಶಿಗಳನ್ನು ಬಿಡಿಸುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ, "ಇದನ್ನು ಯಾರಿಗೆ ತೋರಿಸಬೇಕು ಪುಟ್ಟಿ?" ಎಂದು ಕೇಳುತ್ತಿದ್ದರು.