ಎಚ್-ಇಂಡೆಕ್ಸ್ ಒಂದನ್ನೇ ನೋಡಿ ತೈಲ ಎಂಜಿನಿಯರನ್ನು ಅಳೆಯಬೇಡಿ

ಪೆಟ್ರೋಲಿಯಂ ಎಂಜಿನಿಯರಿಂಗ್ ಸಂಶೋಧಕರೊಬ್ಬರ ಗೂಗಲ್ ಸ್ಕಾಲರ್ ಪುಟ ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ಒಟ್ಟು ಸೈಟೇಶನ್ (ಅಂದರೆ ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ) ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಅನ್ನೋದರ ಕಡೆಗೆ. ಕೆಲಸಕ್ಕೆ ಆಯ್ಕೆ ಮಾಡುವವರೂ ಹಾಗೇ, ಪಿಎಚ್‌ಡಿಗೆ ಗೈಡ್ ಹುಡುಕುವ ವಿದ್ಯಾರ್ಥಿಗಳೂ ಹಾಗೇ. ಈ ಕ್ಷೇತ್ರದ ಮಟ್ಟಿಗೆ ಆ ಸಂಖ್ಯೆ ಅರ್ಧ ಕಥೆಯನ್ನೂ ಹೇಳುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಎಚ್-ಇಂಡೆಕ್ಸ್ ಲೆಕ್ಕ ಸುಲಭ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತಶಾಸ್ತ್ರಜ್ಞ ಇದನ್ನು ಮುಂದಿಟ್ಟರು. ನಿಮ್ಮ 20 ಪೇಪರ್‌ಗಳಿಗೆ ತಲಾ 20 ಸೈಟೇಶನ್ ಆದರೂ ಇದ್ದರೆ ನಿಮ್ಮ ಎಚ್ 20. ಬರೀ 5 ಪೇಪರ್ ಬರೆದು, ಒಂದೊಂದಕ್ಕೂ ಸಾವಿರ ಸೈಟೇಶನ್ ಬಂದಿದ್ದರೆ? ಎಚ್ 5 ಅಷ್ಟೇ. ಕಡಿಮೆ ಬರೆದು ಆಳವಾಗಿ ಬರೆದವರಿಗೆ ಇದರಲ್ಲಿ ಜಾಗ ಇಲ್ಲ. ಆದರೆ ನಮ್ಮ ಕ್ಷೇತ್ರವನ್ನು ಕಟ್ಟಿದವರಲ್ಲಿ ಅಂಥವರು ಜಾಸ್ತಿ.

ಡೊನಾಲ್ಡ್ ಪೀಸ್‌ಮನ್ 1978ರಲ್ಲಿ ಪ್ರಕಟಿಸಿದ ಪೇಪರ್ ನನಗೆ ತುಂಬಾ ಇಷ್ಟ. ಕಂಪ್ಯೂಟರ್‌ನಲ್ಲಿ ತೈಲ ನಿಕ್ಷೇಪವನ್ನು ಸಿಮ್ಯುಲೇಟ್ ಮಾಡುವಾಗ ಅದನ್ನು ದೊಡ್ಡ ದೊಡ್ಡ ಬ್ಲಾಕ್‌ಗಳಾಗಿ ಕತ್ತರಿಸುತ್ತೇವೆ. ಒಂದು ಬ್ಲಾಕ್ ನೂರಾರು ಅಡಿ ಅಗಲ ಇರಬಹುದು, ಬಾವಿಯ ವ್ಯಾಸ ಮಾತ್ರ ಕೆಲವೇ ಇಂಚು. ಹಾಗಾಗಿ ಬ್ಲಾಕ್‌ಗೆ ಲೆಕ್ಕ ಹಾಕಿದ ಒತ್ತಡ ಬೇರೆ, ಬಾವಿಯ ಒಳಗಿನ ಒತ್ತಡ ಬೇರೆ. ಇವೆರಡನ್ನೂ ಜೋಡಿಸುವುದು ಹೇಗೆ? ಚೌಕ ಗ್ರಿಡ್ ಆದರೆ, ಬಾವಿಯಿಂದ ಬ್ಲಾಕ್ ಅಗಲದ ಸುಮಾರು 0.2 ಪಟ್ಟು ದೂರದಲ್ಲಿ ಇರುವ ಒತ್ತಡವೇ ಬ್ಲಾಕ್‌ನ ಒತ್ತಡ ಅಂತ ಪೀಸ್‌ಮನ್ ತೋರಿಸಿಕೊಟ್ಟರು. ಅಷ್ಟೇ. ಇವತ್ತು ಬಾವಿ ಇರುವ ಸಿಮ್ಯುಲೇಶನ್ ಓಡಿಸುವ ಎಂಜಿನಿಯರ್‌ಗಳು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಈ ಸೂತ್ರವನ್ನು ಅಥವಾ ಅದರಿಂದ ಬೆಳೆದದ್ದನ್ನು ಬಳಸುತ್ತಾರೆ. ಸಾಫ್ಟ್‌ವೇರ್ ಒಳಗೆ ಕೂತು ಕೆಲಸ ಮಾಡುವ ಸೂತ್ರಕ್ಕೆ ಸೈಟೇಶನ್ ಯಾರು ಕೊಡುತ್ತಾರೆ?

ವೋಗಲ್ ಎಂಬ ಎಂಜಿನಿಯರ್ 1968ರಲ್ಲಿ ಕೊಟ್ಟ ಸಮೀಕರಣದ್ದೂ ಇದೇ ಕಥೆ. ಬಾವಿಯ ತಳದ ಒತ್ತಡ ಇಷ್ಟಿದ್ದರೆ ಎಷ್ಟು ತೈಲ ಬರುತ್ತದೆ ಅಂತ ಹೇಳುವ ಒಂದು ಸಾಲು, ಅದರಲ್ಲಿ 0.2 ಮತ್ತು 0.8 ಅನ್ನುವ ಎರಡೇ ಗುಣಾಂಕ. ಪ್ರೊಡಕ್ಷನ್ ಎಂಜಿನಿಯರ್‌ಗಳು ಅದನ್ನು ಎಕ್ಸೆಲ್ ಶೀಟಿನಲ್ಲಿ ಹಾಕಿ, ಪಂಪ್ ಯಾವ ಸೈಜ್ ಬೇಕು ಅಂತ ನಿರ್ಧರಿಸಿ ಮುಂದೆ ಹೋಗುತ್ತಾರೆ. ಅವರು ಪೇಪರ್ ಬರೆಯುವುದಿಲ್ಲ, ವರದಿ ಬರೆಯುತ್ತಾರೆ. ಆ ವರದಿ ಕಂಪನಿಯ ಒಳಗೇ ಉಳಿಯುತ್ತದೆ. ಸೈಟೇಶನ್ ಎಣಿಸುವ ಸ್ಕೋಪಸ್‌ಗೂ ಕಾಣುವುದಿಲ್ಲ, ವೆಬ್ ಆಫ್ ಸೈನ್ಸ್‌ಗೂ ಕಾಣುವುದಿಲ್ಲ.

ಒಂದೇ ಕ್ಷೇತ್ರದ ಒಳಗೂ ತೂಕ ಸಮ ಇಲ್ಲ. ನ್ಯಾನೊಕಣ ಹಾಕಿ ತೈಲ ಹೊರತೆಗೆಯುವ ವಿಷಯ ಬರೆದರೆ ರಸಾಯನಶಾಸ್ತ್ರದವರೂ ಓದುತ್ತಾರೆ, ಸೈಟ್ ಮಾಡುತ್ತಾರೆ. ಕೊರೆಯುವ ಬಿಟ್‌ನ ಕಂಪನದ ಬಗ್ಗೆ ಬರೆದವರಿಗೆ ಅಷ್ಟು ದೊಡ್ಡ ಓದುಗ ಬಳಗ ಎಲ್ಲಿಂದ ಬರಬೇಕು? ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ ಅಲ್ವಾ?

ಇನ್ನು ಪೇಪರ್‌ಗಳ ಎಣಿಕೆ. ಇದರಲ್ಲಿ ಗೊಂದಲ ಇನ್ನೂ ಜಾಸ್ತಿ. ನಮ್ಮಲ್ಲಿ ಬಹಳಷ್ಟು ಕೆಲಸ ಮೊದಲು ಹೊರಬರುವುದು ಸೊಸೈಟಿ ಆಫ್ ಪೆಟ್ರೋಲಿಯಂ ಎಂಜಿನಿಯರ್ಸ್ ಸಮ್ಮೇಳನಗಳಲ್ಲಿ. ಅಲ್ಲಿ ಆಯ್ಕೆ ನಡೆಯುವುದು ಸಾರಾಂಶ ನೋಡಿ. ಪೂರ್ತಿ ಲೇಖನವನ್ನು ಸೊಸೈಟಿ ಪರಿಶೀಲಿಸಿಲ್ಲ ಅಂತ ಮೊದಲ ಪುಟದಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಈ ಪೇಪರ್‌ಗಳ ಆನ್‌ಲೈನ್ ಭಂಡಾರವಾದ ಒನ್‌ಪೆಟ್ರೋದಲ್ಲಿ ಪೇಪರ್ ನಂಬರ್‌ನ ಕೊನೆ ನೋಡಿ: ಸಮ್ಮೇಳನದ್ದಾದರೆ 'ಎಂಎಸ್', ಪರಿಣತರ ವಿಮರ್ಶೆ ದಾಟಿ ಜರ್ನಲ್‌ಗೆ ಬಂದಿದ್ದರೆ 'ಪಿಎ'. ಒಂದೇ ಕೆಲಸ ಎರಡೂ ರೂಪದಲ್ಲಿ ಬಂದಿದ್ದರೆ, ಕೆಲವರು ಎಂಎಸ್ ಅನ್ನು ಸೈಟ್ ಮಾಡುತ್ತಾರೆ, ಕೆಲವರು ಪಿಎಯನ್ನು. ಆಗ ಪೇಪರ್ ಸಂಖ್ಯೆ ಉಬ್ಬುತ್ತದೆ, ಸೈಟೇಶನ್ ಮಾತ್ರ ಎರಡು ಪಾಲಾಗುತ್ತದೆ.

ಹಾಗಂತ ಎಂಎಸ್ ಪೇಪರ್ ಕೀಳು ಅಂತ ನಾನು ಹೇಳುತ್ತಿಲ್ಲ, ಯಾಕೆಂದರೆ ನಿಜವಾದ ಬಾವಿಯಲ್ಲಿ ಏನಾಯಿತು, ಯಾವ ಆಳದಲ್ಲಿ ಪೈಪ್ ಸಿಕ್ಕಿಹಾಕಿಕೊಂಡಿತು, ಅದನ್ನು ಹೇಗೆ ಬಿಡಿಸಿದರು ಅನ್ನುವಂಥ ಮಾಹಿತಿ ಎಷ್ಟೋ ಸಲ ಅಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗುವುದಿಲ್ಲ. ಆದರೆ 150 ಪೇಪರ್ ಅಂತ ಕಂಡಾಗ ಅದರಲ್ಲಿ ಪಿಎ ಎಷ್ಟು ಅಂತ ಒಮ್ಮೆ ನೋಡುವುದು ಒಳ್ಳೆಯದು.

ಜರ್ನಲ್‌ಗಳ ಹೆಸರೂ ಬದಲಾಗುತ್ತವೆ. 'ಜರ್ನಲ್ ಆಫ್ ಪೆಟ್ರೋಲಿಯಂ ಸೈನ್ಸ್ ಅಂಡ್ ಎಂಜಿನಿಯರಿಂಗ್' 2023ರಿಂದ 'ಜಿಯೊಎನರ್ಜಿ ಸೈನ್ಸ್ ಅಂಡ್ ಎಂಜಿನಿಯರಿಂಗ್' ಆಗಿದೆ. ಹೊಸ ಹೆಸರು ನೋಡಿ ಇದ್ಯಾವುದೋ ಹೊಸ ಜರ್ನಲ್ ಅಂದುಕೊಂಡು ಪಕ್ಕಕ್ಕಿಡಬೇಡಿ.

ನಾನು ಒಬ್ಬರ ಪಟ್ಟಿ ನೋಡುವಾಗ ಹೆಚ್ಚು ಸೈಟೇಶನ್ ಇರುವ ಎರಡು ಮೂರು ಪೇಪರ್ ತೆಗೆದು, ಅವನ್ನು ಸೈಟ್ ಮಾಡಿದವರು ಯಾರು ಅಂತ ನೋಡುತ್ತೇನೆ. ಅವರದೇ ಗುಂಪಿನವರು ಸುತ್ತಿ ಸುತ್ತಿ ಸೈಟ್ ಮಾಡಿದ್ದಾರಾ? ಪೀಠಿಕೆಯಲ್ಲಿ ಹತ್ತು ಹೆಸರಿನ ಜೊತೆ ಸುಮ್ನೆ ಸೇರಿಸಿದ್ದಾರಾ? ಇಲ್ಲ, ವಿಧಾನವನ್ನೇ ತೆಗೆದುಕೊಂಡು ಬೇರೆ ನಿಕ್ಷೇಪದಲ್ಲಿ ಪರೀಕ್ಷೆ ಮಾಡಿದ್ದಾರಾ? ಈ ಕೊನೆಯ ರೀತಿಯ ಸೈಟೇಶನ್ ಬೆರಳೆಣಿಕೆಯಷ್ಟಿದ್ದರೂ ನನಗೆ ಸಾಕು.

ನಿಮ್ಮದೇ ಗೂಗಲ್ ಸ್ಕಾಲರ್ ಪುಟ ಇದ್ದರೆ ಇವತ್ತೇ ಒಂದು ಕೆಲಸ ಮಾಡಿ. ಒಂದೇ ಕೆಲಸದ ಎಂಎಸ್, ಪಿಎ ಬೇರೆ ಬೇರೆ ಸಾಲಿನಲ್ಲಿ ಕೂತಿದ್ದರೆ ಎರಡಕ್ಕೂ ಟಿಕ್ ಹಾಕಿ 'ಮರ್ಜ್' ಒತ್ತಿ. ಪಟ್ಟಿ ಒಂದು ಸಾಲು ಚಿಕ್ಕದಾಗುತ್ತದೆ, ಆಗಲಿ ಬಿಡಿ.