ಎದೆಯ ಎಕ್ಸ್‌ರೇ ಓದಲು ಕಂಪ್ಯೂಟರಿಗೆ ಕಲಿಸುವ ಪ್ರಯತ್ನ: ಆರು ತಿಂಗಳ ದಾಖಲೆ

ಬಳ್ಳಾರಿಯ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ನಾನು ಎಕ್ಸ್‌ರೇ ತಂತ್ರಜ್ಞ. ವೈರಸ್ಸಿನಿಂದ ಬರುವ ನ್ಯುಮೋನಿಯಾವನ್ನು ಎದೆಯ ಚಿತ್ರ ನೋಡಿ ಗುರುತಿಸಲು ಕಂಪ್ಯೂಟರಿಗೆ ಕಲಿಸಬಹುದೇ ಎಂಬ ಪ್ರಶ್ನೆ 2021ರ ಬೇಸಿಗೆಯ ಕೋವಿಡ್ ಅಲೆಯಿಂದಲೂ ನನ್ನನ್ನು ಬಿಟ್ಟಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಎದ್ದ ಆ ದಿನಗಳಲ್ಲಿ ನಮ್ಮ ಸಿ.ಟಿ. ಕೋಣೆಯ ಹೊರಗೆ ಕಾಯುತ್ತಿದ್ದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: “ಇಪ್ಪತ್ತೈದಕ್ಕೆ ಎಷ್ಟು ಬಂದೈತ್ರಿ ಸರ?” ಶ್ವಾಸಕೋಶದ ಐದು ಹಾಲೆಗಳಿಗೆ ತಲಾ 0ಯಿಂದ 5ರವರೆಗೆ ಅಂಕ ಕೊಟ್ಟು ಕೂಡಿಸಿದ ಆ ಸಂಖ್ಯೆ, ಹಾನಿ ಎಷ್ಟು ಭಾಗಕ್ಕೆ ಹರಡಿದೆ ಎಂದು ಹೇಳುತ್ತದೆಯೇ ಹೊರತು ಅದು ಯಾವುದರಿಂದ ಬಂತೆಂದು ಹೇಳುವುದಿಲ್ಲ. ಇದನ್ನು ಸಾಲಿನಲ್ಲಿ ನಿಂತವರಿಗೆ ಬಿಡಿಸಿ ಹೇಳುವಷ್ಟು ಹೊತ್ತು ಅಂದು ನನಗೆ ಸಿಗಲಿಲ್ಲ, ಆ ಕೊರಗು ಈಗಲೂ ಇದೆ.

ಈ ವರ್ಷ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತ ಮೇಲೆ, ಡ್ಯೂಟಿ ಮುಗಿಸಿ ಬಂದ ರಾತ್ರಿಗಳಲ್ಲಿ ಈ ಕೆಲಸಕ್ಕೆ ಕೈಹಾಕಿದೆ. ನಮ್ಮ ಕೇಂದ್ರಕ್ಕೆ ಬರುವ ರೋಗಿಗಳ ಒಂದು ಚಿತ್ರವನ್ನೂ ನಾನು ಬಳಸಿಲ್ಲ. ತಮ್ಮ ಕಾಯಿಲೆಗೆಂದು ಎಕ್ಸ್‌ರೇ ತೆಗೆಸಿಕೊಂಡವರ ಚಿತ್ರವನ್ನು ನನ್ನ ಹವ್ಯಾಸಕ್ಕಾಗಿ ಮನೆಗೆ ಒಯ್ಯುವುದು ಸರಿಯಲ್ಲ. ಸಂಶೋಧನೆಗೆಂದು ಗುರುತು ಅಳಿಸಿ ಸಾರ್ವಜನಿಕವಾಗಿ ಕೊಟ್ಟಿರುವ ಸಂಗ್ರಹಗಳೇ ಇಲ್ಲಿನ ಬಂಡವಾಳ.

ಜೂನ್

ಯಾರೋ ಹಲವು ಮೂಲಗಳಿಂದ ಒಟ್ಟುಮಾಡಿಟ್ಟಿದ್ದ ಒಂದು ಸಂಗ್ರಹವನ್ನು ಇಳಿಸಿಕೊಂಡೆ. ಅದರಲ್ಲಿ “ಕೋವಿಡ್” ಮತ್ತು “ಆರೋಗ್ಯವಂತ” ಎಂಬ ಎರಡು ಫೋಲ್ಡರ್‌ಗಳಿದ್ದವು. ಎಲ್ಲ ಚಿತ್ರಗಳನ್ನೂ 224 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚೌಕಕ್ಕೆ ಇಳಿಸಿ, ಉದಾಹರಣೆಗಳನ್ನು ನೋಡಿ ಕಲಿಯುವ ಡೆನ್ಸ್‌ನೆಟ್-121 ಎಂಬ ಕೃತಕ ನರಜಾಲಕ್ಕೆ ಉಣಿಸಿದೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಗುರುತಿಸಲು ಬಳಸಿದ್ದೂ ಇದೇ ಜಾಲವನ್ನು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸುತ್ತು ಕಲಿಕೆಗೆ ರಾತ್ರಿಯಿಡೀ ಹಿಡಿಯುತ್ತಿತ್ತು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು ಮಾಡಬೇಕಾಗುತ್ತಿದ್ದುದರಿಂದ, ಪ್ರತಿ ಸುತ್ತಿನ ಕೊನೆಗೂ ಫಲಿತಾಂಶವನ್ನು ಉಳಿಸಿಡುವ ಸಾಲುಗಳನ್ನು ಸೇರಿಸಿದೆ.

ತಿಂಗಳ ಕೊನೆಗೆ ನೂರಕ್ಕೆ ತೊಂಬತ್ತೆಂಟು ಸರಿಯುತ್ತರ ಬಂತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಜುಲೈ

ಜಾಲವು ಚಿತ್ರದ ಯಾವ ಭಾಗವನ್ನು ನೋಡಿ ಉತ್ತರಿಸುತ್ತಿದೆ ಎಂದು ಬಣ್ಣದಲ್ಲಿ ತೋರಿಸುವ ಗ್ರ್ಯಾಡ್-ಕ್ಯಾಮ್ ಎಂಬ ವಿಧಾನವಿದೆ. ಅದನ್ನು ಅಳವಡಿಸಿ ನೋಡಿದಾಗ, “ಆರೋಗ್ಯವಂತ” ಎಂದು ಖಚಿತವಾಗಿ ಹೇಳಿದ ಚಿತ್ರಗಳಲ್ಲಿ ಕೆಂಪು ಬಣ್ಣ ಶ್ವಾಸಕೋಶದ ಮೇಲೆ ಕೂರದೆ ಭುಜದ ಕಡೆಗೆ ಸರಿದಿತ್ತು. ಡೆನ್ಸ್‌ನೆಟ್‌ನ ಕೊನೆಯ ಪದರದಲ್ಲಿ ಇಡೀ ಚಿತ್ರ ಏಳಕ್ಕೆ ಏಳು ಮನೆಗಳಷ್ಟೇ ಆಗಿ ಉಳಿಯುವುದರಿಂದ ಈ ಬಣ್ಣ ಒರಟಾಗಿ ಹರಡಿಕೊಳ್ಳುತ್ತದೆ. ಆದ್ದರಿಂದ ಅದನ್ನಷ್ಟೇ ನಂಬದೆ ಮೂಲ ಚಿತ್ರವನ್ನು ತೆರೆದು, ಭುಜವನ್ನು ದೊಡ್ಡದು ಮಾಡಿ ನೋಡಿದೆ.

ಮೇಲ್ತೋಳಿನ ಮೂಳೆಯ ತಲೆಗೂ ಅದರ ಕಾಂಡಕ್ಕೂ ನಡುವೆ ಒಂದು ಕಪ್ಪು ಸಂದು ಕಾಣಿಸಿತು. ಮೂಳೆ ಮುರಿದದ್ದಲ್ಲ. ಅದು ಬೆಳವಣಿಗೆಯ ಮೃದ್ವಸ್ಥಿ. ಅದರ ಮೂಲಕ ಎಕ್ಸ್‌ರೇ ಸುಲಭವಾಗಿ ಹಾಯುವುದರಿಂದ ಕಪ್ಪಾಗಿ ಬೀಳುತ್ತದೆ, ದೊಡ್ಡವರಾಗುವ ಹೊತ್ತಿಗೆ ಮೂಳೆಯಾಗಿ ಕೂಡಿಕೊಂಡು ಮಾಯವಾಗುತ್ತದೆ. ಪಕ್ಕೆಲುಬುಗಳೂ ದೊಡ್ಡವರ ಹಾಗೆ ಇಳಿಜಾರಾಗಿರದೆ ಅಡ್ಡಡ್ಡವಾಗಿದ್ದವು. ಒಂದಾದ ಮೇಲೊಂದು ತೆರೆದು ನೋಡಿದೆ. “ಆರೋಗ್ಯವಂತ” ಫೋಲ್ಡರಿನಲ್ಲಿದ್ದವರೆಲ್ಲ ಪುಟ್ಟ ಮಕ್ಕಳು, “ಕೋವಿಡ್” ಫೋಲ್ಡರಿನಲ್ಲಿದ್ದವರೆಲ್ಲ ದೊಡ್ಡವರು.

ಮೂಲ ಹುಡುಕಿದಾಗ, ಆರೋಗ್ಯವಂತರ ಚಿತ್ರಗಳು ಚೀನಾದ ಗುವಾಂಗ್‌ಝೌ ನಗರದ ಮಹಿಳಾ ಮತ್ತು ಮಕ್ಕಳ ವೈದ್ಯಕೀಯ ಕೇಂದ್ರದಲ್ಲಿ ಒಂದರಿಂದ ಐದು ವರ್ಷದ ಮಕ್ಕಳಿಗೆ ತೆಗೆದ 5,856 ಎಕ್ಸ್‌ರೇಗಳ ಸಂಗ್ರಹದವು ಎಂದು ತಿಳಿಯಿತು. ಮಗುವಿನ ಅಂಗೈಯಗಲದ ಎದೆಯೂ ದೊಡ್ಡವರ ಎದೆಯೂ 224ರ ಚೌಕದಲ್ಲಿ ಒಂದೇ ಅಳತೆಗೆ ಬಂದುಬಿಡುವುದರಿಂದ ಪುಟ್ಟ ಚಿತ್ರಗಳಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದಿನವೂ ಮಕ್ಕಳ ಎಕ್ಸ್‌ರೇ ತೆಗೆಯುವ ನಾನು ಮೊದಲ ದಿನವೇ ಹತ್ತು ಚಿತ್ರಗಳನ್ನಾದರೂ ಪೂರ್ತಿ ಅಳತೆಯಲ್ಲಿ ತೆರೆದು ನೋಡಬೇಕಾಗಿತ್ತು. ನನ್ನ ಜಾಲ ಕಲಿತದ್ದು ಕಾಯಿಲೆಯನ್ನಲ್ಲ, ವಯಸ್ಸನ್ನು.

ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡಿದೆ. ಪ್ರತಿ ಚಿತ್ರದಲ್ಲೂ ಎರಡೂ ಶ್ವಾಸಕೋಶಗಳ ಮೇಲೆ ಕಪ್ಪು ಚೌಕ ಮುಚ್ಚಿ, ಅಂಚುಗಳನ್ನಷ್ಟೇ ಬಿಟ್ಟು, ಮತ್ತೆ ಕಲಿಸಿದೆ. ಶ್ವಾಸಕೋಶವೇ ಕಾಣದ ಚಿತ್ರಗಳಲ್ಲೂ ಅದು ನೂರಕ್ಕೆ ತೊಂಬತ್ತರ ಮೇಲೆ ಸರಿಯುತ್ತರ ಕೊಟ್ಟಿತು. ಎಡಬಲ ತೋರಿಸಲು ನಾವು ಇಡುವ ಸೀಸದ ಅಕ್ಷರ, ಚಿತ್ರದ ಮೂಲೆಯ ಬರಹ, ಒಂದೊಂದು ಯಂತ್ರವೂ ಬಿಡುವ ಅಂಚು, ಇವೆಲ್ಲವೂ ಚಿತ್ರ ಯಾವ ಆಸ್ಪತ್ರೆಯದೆಂದು ಹೇಳಿಬಿಡುತ್ತವೆ. ಈ ಕೆಲಸಕ್ಕೆ ಹೊರಡುವ ಯಾರೇ ಆಗಲಿ, ಮೊದಲು ಈ ಪರೀಕ್ಷೆ ಮಾಡಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಆಗಸ್ಟ್

ಈ ತಿಂಗಳು ಓದಿಗೆ ಮೀಸಲಾಯಿತು. ನಾನು ಬಿದ್ದ ಹಳ್ಳದಲ್ಲಿ ದೊಡ್ಡ ದೊಡ್ಡ ಪ್ರಯೋಗಾಲಯಗಳೂ ಬಿದ್ದಿದ್ದವು. 2021ರಲ್ಲಿ ಕೇಂಬ್ರಿಜ್‌ನ ಸಂಶೋಧಕರ ನೇತೃತ್ವದ ತಂಡವೊಂದು, ಎದೆಯ ಎಕ್ಸ್‌ರೇ ಮತ್ತು ಸಿ.ಟಿ. ಬಳಸಿ ಕೋವಿಡ್ ಗುರುತಿಸುವ ಅಥವಾ ಅದರ ಮುಂದಿನ ಗತಿಯನ್ನು ಊಹಿಸುವ 2,212 ಅಧ್ಯಯನಗಳನ್ನು ಜರಡಿ ಹಿಡಿದು, ಗುಣಮಟ್ಟದ ಪರೀಕ್ಷೆಯಲ್ಲಿ ಉಳಿದ 62ನ್ನು ವಿವರವಾಗಿ ಓದಿತು. ಅವುಗಳಲ್ಲಿ ಒಂದೂ ಆಸ್ಪತ್ರೆಯಲ್ಲಿ ಬಳಸಲು ಯೋಗ್ಯವಾಗಿಲ್ಲ ಎಂಬುದು ಅವರ ತೀರ್ಮಾನ. ಗುವಾಂಗ್‌ಝೌ ಮಕ್ಕಳ ಚಿತ್ರಗಳನ್ನು ದೊಡ್ಡವರ ಕೋವಿಡ್ ಚಿತ್ರಗಳೆದುರು ನಿಲ್ಲಿಸಿದ ತಪ್ಪನ್ನು ಅವರು ಬಿಡಿಸಿ ತೋರಿಸಿದ್ದಾರೆ.

ಎಕ್ಸ್‌ರೇಗಿಂತ ಸಿ.ಟಿ. ಸ್ಪಷ್ಟವಲ್ಲವೇ, ಅದನ್ನೇ ಹಿಡಿಯಬಾರದೇಕೆ ಎಂದು ಗೆಳೆಯರು ಕೇಳಿದರು. ನೀರಿಗೆ 0, ಗಾಳಿಗೆ ಮೈನಸ್ 1000 ಎಂದು ಎಣಿಸುವ ಹೌನ್ಸ್‌ಫೀಲ್ಡ್ ಮಾನದಲ್ಲಿ ಆರೋಗ್ಯವಂತ ಶ್ವಾಸಕೋಶ ಮೈನಸ್ 850ರ ಆಸುಪಾಸಿನಲ್ಲಿರುತ್ತದೆ. ವೈರಸ್ ತಗುಲಿ ಸಣ್ಣ ಗಾಳಿಚೀಲಗಳ ಗೋಡೆ ಊದಿ, ಒಳಗೆ ಅಷ್ಟಿಷ್ಟು ದ್ರವ ಸೇರಿದಾಗ ಆ ಸಂಖ್ಯೆ ಮೇಲೇರುತ್ತದೆ. ಆಗ ಚಿತ್ರದಲ್ಲಿ ಬಚ್ಚಲುಮನೆಯ ಮಸುಕು ಗಾಜಿನ ಆಚೆ ನೋಡಿದಂತೆ, ರಕ್ತನಾಳಗಳು ಕಂಡೂ ಕಾಣದ ಬೆಳ್ಳನೆಯ ತೇಪೆಗಳು ಬರುತ್ತವೆ. ರೇಡಿಯಾಲಜಿಸ್ಟರು ಗ್ರೌಂಡ್ ಗ್ಲಾಸ್ ಎನ್ನುವುದು ಇದನ್ನೇ. ಕೋವಿಡ್‌ನಲ್ಲಿ ಇವು ಎರಡೂ ಕಡೆ, ಹೊರ ಅಂಚಿನಲ್ಲಿ, ಕೆಳಹಾಲೆಗಳಲ್ಲಿ ಹೆಚ್ಚಾಗಿ ಇರುತ್ತವೆ. ಆದರೆ ಇನ್‌ಫ್ಲುಯೆಂಜಾದಂಥ ಬೇರೆ ವೈರಸ್ಸುಗಳಿಂದ, ಹೃದಯ ಸೋತು ನೀರು ತುಂಬಿದಾಗ, ಕೆಲವು ಔಷಧಗಳ ದುಷ್ಪರಿಣಾಮದಿಂದ ಕೂಡ ಇಂಥವೇ ತೇಪೆಗಳು ಮೂಡುತ್ತವೆ.

ವುಹಾನ್‌ನ 1,014 ಜನರ ಮೇಲೆ ನಡೆದ 2020ರ ಅಧ್ಯಯನದ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಆರ್‌ಟಿ-ಪಿಸಿಆರ್‌ನಲ್ಲಿ ಸೋಂಕು ಕಂಡ 601 ಮಂದಿಯಲ್ಲಿ 580 ಮಂದಿಯ ಸಿ.ಟಿ.ಯಲ್ಲೂ ಲಕ್ಷಣವಿತ್ತು. ಇಷ್ಟನ್ನೇ ಓದಿದರೆ ಸಿ.ಟಿ. ಸರ್ವಸಮರ್ಥ ಎನಿಸುತ್ತದೆ. ಆದರೆ ಸೋಂಕು ಕಾಣದ 413 ಮಂದಿಯಲ್ಲಿ ಸಿ.ಟಿ. ಕೂಡ “ಇಲ್ಲ” ಎಂದದ್ದು 105 ಮಂದಿಗೆ ಮಾತ್ರ. ಇದಕ್ಕೆ ವಿರುದ್ಧ ದಿಕ್ಕಿನ ಎಚ್ಚರಿಕೆ ಇನ್ನೊಂದು ಅಧ್ಯಯನದಲ್ಲಿದೆ: ಲಕ್ಷಣ ಕಾಣಿಸಿಕೊಂಡ ಎರಡು ದಿನಗಳೊಳಗೆ ಸ್ಕ್ಯಾನ್ ಆದ 36 ಕೋವಿಡ್ ರೋಗಿಗಳಲ್ಲಿ 20 ಮಂದಿಯ ಸಿ.ಟಿ. ಏನೂ ತೋರಿಸಿರಲಿಲ್ಲ. ಅಮೆರಿಕದ ರೇಡಿಯಾಲಜಿ ಕಾಲೇಜು 2020ರ ಮಾರ್ಚಿನಲ್ಲೇ, ಕೋವಿಡ್ ಪತ್ತೆಗೆ ಸಿ.ಟಿ.ಯನ್ನು ಮೊದಲ ಪರೀಕ್ಷೆಯಾಗಿ ಬಳಸಬೇಡಿ ಎಂದದ್ದರ ಅರ್ಥ ಈ ಅಂಕಿಗಳನ್ನು ಕಂಡ ಮೇಲೆ ನನಗೆ ಪೂರ್ತಿಯಾಗಿ ಆಯಿತು.

ಸೆಪ್ಟೆಂಬರ್

ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದೆ. ಈ ಬಾರಿ ಸ್ಪೇನಿನ ವಲೆನ್ಸಿಯಾ ಪ್ರಾಂತದ ಸಂಗ್ರಹವನ್ನು ಆರಿಸಿಕೊಂಡೆ. ಅಲ್ಲಿ ಸೋಂಕು ಇದ್ದವರ ಮತ್ತು ಇಲ್ಲದವರ ಚಿತ್ರಗಳು ಒಂದೇ ಪ್ರಾಂತದ ಆಸ್ಪತ್ರೆಗಳಿಂದ ಬಂದಿವೆ. ಒಬ್ಬನೇ ರೋಗಿಯ ಎರಡು ಚಿತ್ರಗಳಲ್ಲಿ ಒಂದು ಕಲಿಕೆಗೂ ಇನ್ನೊಂದು ಪರೀಕ್ಷೆಗೂ ಹೋಗದಂತೆ, ರೋಗಿಯ ಸಂಖ್ಯೆಯ ಪ್ರಕಾರ ಬೇರ್ಪಡಿಸಿದೆ. ಶ್ವಾಸಕೋಶದ ಭಾಗವನ್ನಷ್ಟೇ ಕತ್ತರಿಸಿ ಕೊಟ್ಟೆ. ತೊಂಬತ್ತೆಂಟು ಇದ್ದದ್ದು ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಈ ಎಪ್ಪತ್ತನ್ನು ನಾನು ಆ ತೊಂಬತ್ತೆಂಟಕ್ಕಿಂತ ಹೆಚ್ಚು ನಂಬುತ್ತೇನೆ.

ಆದರೂ ಶ್ವಾಸಕೋಶವನ್ನು ಓದದೆಯೇ ಉತ್ತರ ಊಹಿಸಲು ಜಾಲಕ್ಕೆ ಒಂದು ಕಳ್ಳದಾರಿ ಉಳಿದಿದೆ. ನಿಲ್ಲಬಲ್ಲ ರೋಗಿ ಎದೆಯನ್ನು ಸ್ಟ್ಯಾಂಡಿಗೆ ಒತ್ತಿ ನಿಲ್ಲುತ್ತಾನೆ, ಆರು ಅಡಿ ದೂರದ ಯಂತ್ರದಿಂದ ಕಿರಣ ಬೆನ್ನಿನ ಕಡೆಯಿಂದ ಹಾಯುತ್ತದೆ, ಇದು ಪಿ.ಎ. ಏಳಲಾಗದವರಿಗೆ ಪೋರ್ಟಬಲ್ ಯಂತ್ರವನ್ನು ಹಾಸಿಗೆಯ ಬಳಿಗೇ ಒಯ್ದು, ಚಿತ್ರ ಮೂಡುವ ಕ್ಯಾಸೆಟ್ಟನ್ನು ಬೆನ್ನಿನ ಕೆಳಗೆ ತೂರಿಸಿ, ಎದುರಿನಿಂದ ಹತ್ತಿರದಲ್ಲೇ ತೆಗೆಯುತ್ತೇವೆ, ಇದು ಎ.ಪಿ. ಎ.ಪಿ.ಯಲ್ಲಿ ಹೃದಯದ ನೆರಳು ಹಿಗ್ಗಿ ಬೀಳುತ್ತದೆ, ಹೆಗಲ ಮೂಳೆಗಳು ಶ್ವಾಸಕೋಶದ ಮೇಲೆ ಬಂದು ಕೂರುತ್ತವೆ. ಹೆಚ್ಚು ನರಳುವವರಿಗೇ ಎ.ಪಿ. ತೆಗೆಯುವುದರಿಂದ, ಜಾಲ ಶ್ವಾಸಕೋಶವನ್ನು ಓದದೆ ಹೆಗಲ ಮೂಳೆಯನ್ನು ನೋಡಿಯೇ “ಕಾಯಿಲೆ ಇದೆ” ಎನ್ನಬಲ್ಲದು.

ಅಕ್ಟೋಬರ್

ನಮ್ಮ ಕೇಂದ್ರದ ರೇಡಿಯಾಲಜಿಸ್ಟ್ ಮೇಡಂ ಅವರಿಗೆ ಇಷ್ಟನ್ನೂ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿ ಹೇಳಿದರು: “ಎಕ್ಸ್‌ರೇ ಒಂದನ್ನೇ ನೋಡಿ ಇದು ವೈರಸ್ಸೇ ಅಂತ ನಾನೇ ಖಡಾಖಂಡಿತವಾಗಿ ಹೇಳೋಕಾಗಲ್ಲ. ನನ್ನಿಂದ ಆಗದ್ದನ್ನ ನೀವು ಅದರಿಂದ ಕೇಳ್ತಿದ್ದೀರಿ. ನಲವತ್ತು ಫಿಲ್ಮ್ ಸಾಲಿನಲ್ಲಿದ್ದಾಗ ಯಾವುದನ್ನ ಮೊದಲು ನೋಡಬೇಕು, ಅದನ್ನ ಹೇಳಿಸಿ ನೋಡೋಣ.”

ಆಮೇಲೆ ಅವರು ಸಂಡೂರಿನ ಗಣಿಗಳ ಮಾತೆತ್ತಿದರು. ವರ್ಷಗಟ್ಟಲೆ ಅದಿರಿನ ಧೂಳಿನಲ್ಲಿ ದುಡಿದವರ ಶ್ವಾಸಕೋಶದಲ್ಲಿ ಕಬ್ಬಿಣ ಸೇರಿ ಸಿಡರೋಸಿಸ್ ಆಗಬಹುದು. ಕಬ್ಬಿಣದ ಪರಮಾಣು ಸಂಖ್ಯೆ 26, ಮೂಳೆಯಲ್ಲಿರುವ ಕ್ಯಾಲ್ಸಿಯಂನದು 20. ಆದ್ದರಿಂದ ಆ ಧೂಳು ಎಕ್ಸ್‌ರೇಯನ್ನು ಚೆನ್ನಾಗಿ ತಡೆದು, ಎರಡೂ ಕಡೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳನ್ನು ಮೂಡಿಸುತ್ತದೆ. ಉಸಿರಾಟಕ್ಕೆ ಹೇಳಿಕೊಳ್ಳುವಂಥ ತೊಂದರೆ ಇಲ್ಲದವರಲ್ಲೂ ಈ ಚುಕ್ಕೆಗಳು ಇರಬಹುದು. ಇದರ ಜೊತೆಗೆ ಹಳೆಯ ಕ್ಷಯದ ಕಲೆಗಳೂ ಇರಬಹುದು. ವಲೆನ್ಸಿಯಾದಲ್ಲಿ ಕಲಿತ ಜಾಲವನ್ನು ತಂದು ಸಂಡೂರಿನ ಗಣಿ ಕಾರ್ಮಿಕನ ಎದೆಯ ಮುಂದೆ ನಿಲ್ಲಿಸಿದರೆ ಅದು ಏನೆಂದೀತು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲದ ಕಾರಣ, ಇಲ್ಲಿಯ ಯಾವ ರೋಗಿಯ ಮೇಲೂ ಇದನ್ನು ಪ್ರಯೋಗಿಸುವುದಿಲ್ಲ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಪ್ರಶ್ನೆ ಬದಲಿಸಿ ಎಂಬ ಅವರ ಮಾತಿಗೆ ಆಧಾರವೂ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 15 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಕ್ಷಯದ ಶಂಕಿತರನ್ನು ಬೇರ್ಪಡಿಸಲು ಎಕ್ಸ್‌ರೇ ಓದುವ ತಂತ್ರಾಂಶಗಳನ್ನು ಬಳಸಬಹುದೆಂದು ಶಿಫಾರಸು ಮಾಡಿತು. ಅಲ್ಲಿ ಯಂತ್ರ ರೋಗವನ್ನು ತೀರ್ಮಾನಿಸುವುದಿಲ್ಲ. ಯಾರ ಕಫ ಪರೀಕ್ಷೆ ಆಗಬೇಕೆಂದು ಬೊಟ್ಟು ಮಾಡುತ್ತದೆ, ಅಷ್ಟೆ.

ನವೆಂಬರ್, ಈಗಿನ ಸ್ಥಿತಿ

ಈಗ ಜಾಲಕ್ಕೆ ಒಂದೇ ಕೆಲಸ: ಚಿತ್ರಗಳ ಕಟ್ಟನ್ನು ಕೊಟ್ಟಾಗ, ಮೊದಲು ನೋಡಬೇಕಾದವುಗಳನ್ನು ಮೇಲಕ್ಕೆ ತರುವುದು. ಕಳೆದ ಭಾನುವಾರ ಸಾರ್ವಜನಿಕ ಸಂಗ್ರಹದ ನಲವತ್ತು ಚಿತ್ರಗಳನ್ನು ಕೊಟ್ಟಾಗ ಅದು ಎಲ್ಲಕ್ಕಿಂತ ಮೇಲೆ ಇಟ್ಟದ್ದು ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದ್ದ ಚಿತ್ರವನ್ನು. ಜೂನ್ ತಿಂಗಳ ಪ್ರಶ್ನೆಗೆ ಅದು ತಪ್ಪು ಉತ್ತರವಾಗುತ್ತಿತ್ತು. ಮೇಡಂ ನೋಡಿ, ತಾವಾದರೂ ಅದನ್ನೇ ಮೊದಲು ತೆಗೆಯುತ್ತಿದ್ದುದಾಗಿ ಹೇಳಿದರು.

ನನ್ನನ್ನು ಕಾಡುತ್ತಿರುವುದು ಪಟ್ಟಿಯ ತಳಭಾಗ. ಜ್ವರ ಬಂದು ಎರಡೇ ದಿನವಾಗಿರುವ ರೋಗಿಯ ಚಿತ್ರ ಸ್ವಚ್ಛವಾಗಿ ಕಂಡು ಕೆಳಗೆ ಇಳಿದುಬಿಡಬಹುದು. ಅದಕ್ಕಾಗಿ ಪ್ರತಿ ಚಿತ್ರದ ಪಕ್ಕದಲ್ಲಿ ಎರಡು ಅಂಕಣಗಳನ್ನು ಸೇರಿಸುತ್ತಿದ್ದೇನೆ: ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸಿದ ಆಮ್ಲಜನಕದ ಪ್ರಮಾಣ ಮತ್ತು ಲಕ್ಷಣ ಶುರುವಾಗಿ ಎಷ್ಟು ದಿನವಾಯಿತೆಂಬುದು. ನಾನು ಇಳಿಸಿಕೊಂಡ ಚಿತ್ರಗಳಲ್ಲಿ ಬಹುಪಾಲಿಗೆ ಎರಡನೆಯ ಮಾಹಿತಿಯೇ ಇಲ್ಲ. ಅದು ಇರುವಷ್ಟನ್ನು ಆರಿಸಿ, ಎ.ಪಿ. ಮತ್ತು ಪಿ.ಎ. ಚಿತ್ರಗಳನ್ನು ಬೇರೆ ಬೇರೆ ಕಟ್ಟುಗಳಾಗಿ ಕಟ್ಟುವುದು ಡಿಸೆಂಬರಿನ ಕೆಲಸ.